ಕರುಳಿನ ದಾರಿ ಕಟ್ಟಿದರೆ ಹರಳೆಣ್ಣೆ ಬೇಡ!



ಹದಿನೈದು ದಿನಕ್ಕೊಮ್ಮೆ ನಾವು ಇಲ್ಲಿ ಸೇರುವುದು ಸಾರು, ಸಂಡಿಗೆ, ಮಕ್ಕಳ ಕೆಮ್ಮು, ಸೊಂಟನೋವು ಇಂಥ ಮಾತುಗಳಿಗೆ. ಈ ಸಲದ ವಿಷಯ ಓದುವಾಗ ಕೆಲವರಿಗೆ ಮುಜುಗರವಾದೀತು. ಆದರೂ ಪುಟ ಮಗುಚಬೇಡಿ. ನಿಮ್ಮ ಮನೆಯಲ್ಲಿ ಅಲ್ಲದಿದ್ದರೆ ನೆಂಟರಿಷ್ಟರಲ್ಲಿ, ಅಕ್ಕಪಕ್ಕದಲ್ಲಿ ಯಾರಿಗಾದರೂ ಇದು ಬೇಕಾಗಿರುತ್ತದೆ. ಬೇಕಾದವರು ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೆ.

ಕ್ಯಾನ್ಸರ್ ಬಂದು ಕರುಳಿನ ಒಂದು ಭಾಗ ತೆಗೆಯಬೇಕಾದಾಗ, ಟೈಫಾಯ್ಡ್ ಅಥವಾ ಕ್ಷಯದಿಂದ ಕರುಳು ತೂತಾದಾಗ, ದೊಡ್ಡ ಕರುಳಿನಲ್ಲಿ ಮಾಯದ ಹುಣ್ಣುಗಳಾದಾಗ, ಡಾಕ್ಟರು ಕೆಲವೊಮ್ಮೆ ಕರುಳಿನ ತುದಿಯನ್ನು ಹೊಟ್ಟೆಯ ಮೇಲ್ಮೈಗೆ ತಂದು ಚರ್ಮಕ್ಕೆ ಹೊಲಿಯುತ್ತಾರೆ. ಇದಕ್ಕೆ ಸ್ಟೋಮಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಬಾಯಿ ಎಂದೇ ಅರ್ಥ. ಮಲ ಆ ಬಾಯಿಂದ ಹೊರಬಂದು, ಹೊಟ್ಟೆಗೆ ಅಂಟಿಸಿದ ಚೀಲದಲ್ಲಿ ಸೇರುತ್ತದೆ. ಕೆಲವರಿಗೆ ಇದು ಕೆಲವು ತಿಂಗಳ ಮಾತು. ಆಮೇಲೆ ಮತ್ತೆ ಒಳಗೇ ಜೋಡಿಸುತ್ತಾರೆ. ಕೆಲವರಿಗೆ ಜೀವನಪೂರ್ತಿ.

ಚೀಲ ಬದಲಾಯಿಸುವುದನ್ನು ಆಸ್ಪತ್ರೆಯಲ್ಲಿ ಕಲಿಸಿ ಕಳಿಸುತ್ತಾರೆ. ಊಟದ ಬಗ್ಗೆ "ಮೆತ್ತಗಿನದು ತಿನ್ನಿ, ಚೆನ್ನಾಗಿ ಅಗಿಯಿರಿ" ಅಂತ ಒಂದು ಮಾತು ಹೇಳುತ್ತಾರೆ. ಮೆತ್ತಗಿನದು ಎಂದರೆ ಯಾವುದು, ಎಷ್ಟು ದಿನ, ನಡುರಾತ್ರಿ ನೋವು ಬಂದರೆ ಏನು ಮಾಡಬೇಕು? ಈ ಪ್ರಶ್ನೆಗಳು ಹುಟ್ಟುವುದು ಮನೆಗೆ ಬಂದ ಮೇಲೆ, ಅಡುಗೆಮನೆಯಲ್ಲಿ.

ಸಣ್ಣ ಊರಿನ ಓದುಗರೊಬ್ಬರ ಪತ್ರ ನನ್ನ ಮುಂದಿದೆ. "ಅಕ್ಕಾ, ಆಪರೇಷನ್ ಆಗಿ ಮೂರು ತಿಂಗಳಾಯಿತು. ತಂಗಿ ಮಗಳ ನಾಮಕರಣದಲ್ಲಿ ಬಾಳೆದಿಂಡಿನ ಕೋಸಂಬರಿ ತಿಂದೆ. ರಾತ್ರಿ ಹೊಟ್ಟೆ ತಿರುಚಿ ತಿರುಚಿ ನೋವು, ಚೀಲ ಮಾತ್ರ ಖಾಲಿ. ಅತ್ತೆ ಹರಳೆಣ್ಣೆ ತಂದರು. ಕುಡಿಯಬಹುದಿತ್ತಾ?" ಎಂದು ಕೇಳಿದ್ದಾರೆ. ಪುಣ್ಯಕ್ಕೆ ಅವರು ಕುಡಿಯಲಿಲ್ಲ. ಅತ್ತೆಯ ಕಾಳಜಿಯನ್ನು ನಾನು ಹಳಿಯುವುದಿಲ್ಲ. ಹೊಟ್ಟೆ ಕಟ್ಟಿದರೆ ಹರಳೆಣ್ಣೆ, ಸೋನಾಮುಖಿ, ಇಸಬ್‌ಗೋಲ್ ಅಂತ ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಆದರೆ ಇಲ್ಲಿ ಆ ರೂಢಿ ಅಪಾಯಕ್ಕೆ ದಾರಿ.

ಯಾಕೆ ಅಂತೀರಾ? ಮೊದಲು ಸ್ಟೋಮಾದಲ್ಲಿ ಎರಡು ಬಗೆಯಿರುವುದನ್ನು ತಿಳಿಯಬೇಕು. ದೊಡ್ಡ ಕರುಳಿನಿಂದ ಮಾಡಿದ್ದು ಕೊಲಾಸ್ಟಮಿ, ಹೆಚ್ಚಾಗಿ ಹೊಟ್ಟೆಯ ಎಡಗಡೆ ಇರುತ್ತದೆ. ಅಲ್ಲಿ ಮಲ ಗಟ್ಟಿಯಾಗಿಯೇ ಬರುತ್ತದೆ. ಇವರಿಗೆ ಎಲ್ಲರ ಹಾಗೆ ಮಲಬದ್ಧತೆ ಆಗುವುದುಂಟು. ನೀರು, ಹಣ್ಣು, ತರಕಾರಿ, ಬೇಕಾದರೆ ಡಾಕ್ಟರು ಬರೆದುಕೊಟ್ಟ ಔಷಧಿಯಿಂದ ಸರಿಹೋಗುತ್ತದೆ. ಸಣ್ಣ ಕರುಳಿನಿಂದ ಮಾಡಿದ್ದು ಇಲಿಯಾಸ್ಟಮಿ, ಸಾಮಾನ್ಯವಾಗಿ ಬಲಗಡೆ. ಅಲ್ಲಿ ಹೊರಬರುವುದು ತೆಳು ಗಂಜಿಯ ಹಾಗಿದ್ದು, ದಿನವಿಡೀ ಸ್ವಲ್ಪಸ್ವಲ್ಪವೇ ಬರುತ್ತಿರುತ್ತದೆ. ನಾನು ಈ ಸಲ ಹೇಳುವುದೆಲ್ಲ ಮುಖ್ಯವಾಗಿ ಇವರಿಗೆ.

ಇಲಿಯಾಸ್ಟಮಿ ಇದ್ದವರಿಗೆ ಮಲಬದ್ಧತೆ ಎನ್ನುವುದೇ ಇಲ್ಲ. ಗಂಟೆಗಟ್ಟಲೆ ಚೀಲಕ್ಕೆ ಏನೂ ಬರಲಿಲ್ಲ, ಜೊತೆಗೆ ನೋವು ಎಂದರೆ, ದಾರಿಯಲ್ಲಿ ಏನೋ ಅಡ್ಡ ಕೂತಿದೆ ಅಂತಲೇ ಲೆಕ್ಕ. ಬಚ್ಚಲಿನ ಕೊಳವೆ ಮುಂದೆ ಕಟ್ಟಿಕೊಂಡಿರುವಾಗ ಹಿಂದಿನಿಂದ ಕೊಡಗಟ್ಟಲೆ ನೀರು ಸುರಿದರೆ ಏನಾಗುತ್ತದೆ? ಹರಳೆಣ್ಣೆ ಮಾಡುವುದೂ ಅದನ್ನೇ. ಕರುಳನ್ನು ಜೋರಾಗಿ ಹಿಂಡಿ ನೋವು, ವಾಂತಿ ಹೆಚ್ಚಿಸುತ್ತದೆ. ಮೈಯ ನೀರನ್ನು ಬತ್ತಿಸುತ್ತದೆ. ಇಸಬ್‌ಗೋಲಂತೂ ನೀರು ಕುಡಿದು ಉಬ್ಬಿ ತಾನೇ ಒಂದು ಬಿರಡೆಯಾಗಿ ಕೂರುತ್ತದೆ.

ಅಡ್ಡ ಕೂರುವುದು ಏನು? ಸಣ್ಣ ಕರುಳಿನ ಒಳಗಿನ ಅಗಲ ಸುಮಾರು ಒಂದು ಅಂಗುಲ. ಅದು ಹೊಟ್ಟೆಯ ಸ್ನಾಯುವಿನ ಗೋಡೆಯನ್ನು ದಾಟಿ ಹೊರಬರುವ ಜಾಗ ಇನ್ನೂ ಬಿಗಿ. ಆಪರೇಷನ್ ಆದ ಮೊದಲ ಆರರಿಂದ ಎಂಟು ವಾರ ಅಲ್ಲಿ ಊತವೂ ಇರುತ್ತದೆ. ಸರಿಯಾಗಿ ಅಗಿಯದ ನಾರು, ಸಿಪ್ಪೆ, ಬೀಜ, ಕಾಳು ಒಂದಕ್ಕೊಂದು ಸುತ್ತಿಕೊಂಡು ಉಂಡೆಯಾಗಿ ಅಲ್ಲಿ ನಿಲ್ಲುತ್ತವೆ.

ಇನ್ನು ನಮ್ಮ ಅಡುಗೆಯನ್ನು ನೋಡಿ. ಪಲ್ಯಕ್ಕೆ ಕಾಯಿತುರಿ, ಚಟ್ನಿಗೆ ಕಾಯಿ, ಚಿತ್ರಾನ್ನಕ್ಕೆ ಕಡಲೆಕಾಯಿ ಬೀಜ, ಒಗ್ಗರಣೆಗೆ ಕಡಲೆಬೇಳೆ, ಕರಿಬೇವು. ಮೇಲೆ ಒಂದು ಕೋಸಂಬರಿ. ತೊಂದರೆ ಕೊಡುವವರ ಪಟ್ಟಿಯಲ್ಲಿ ತೆಂಗಿನಕಾಯಿಗೆ ಎತ್ತರದ ಮಣೆ. ಅದರ ಪಕ್ಕದಲ್ಲಿ ಮುಸುಕಿನ ಜೋಳ, ಅಣಬೆ, ಬಾಳೆದಿಂಡು, ನುಗ್ಗೆಕಾಯಿ, ಗೋರಿಕಾಯಿ, ದಂಟು, ಮೊಳಕೆ ಕಾಳು, ಕಡಲೆಕಾಯಿ, ಒಣದ್ರಾಕ್ಷಿ, ಅನಾನಸು, ಕಿತ್ತಳೆ ತೊಳೆಯ ಬಿಳಿ ಪೊರೆ, ಸೀಬೆಹಣ್ಣಿನ ಬೀಜ, ದ್ರಾಕ್ಷಿ ಮತ್ತು ಟೊಮೇಟೊ ಸಿಪ್ಪೆ. ಹಲಸಿನ ತೊಳೆಯ ನಾರನ್ನೂ ಮರೆಯಬೇಡಿ.

"ಅಯ್ಯೋ, ಇನ್ನು ತಿನ್ನುವುದಾದರೂ ಏನು?" ಅಂತ ಕೈಚೆಲ್ಲಬೇಡಿ. ಇವೆಲ್ಲ ಜನ್ಮಕ್ಕೇ ನಿಷಿದ್ಧ ಅಂತಲ್ಲ. ಮೊದಲ ಆರೆಂಟು ವಾರ ಪೂರ್ತಿ ದೂರವಿಡಿ. ಆಮೇಲೆ ಡಾಕ್ಟರನ್ನು ಕೇಳಿ, ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ, ಅದೂ ಒಂದೆರಡು ಚಮಚ ಮಾತ್ರ. ಎರಡು ಮೂರು ದಿನ ನೋಡಿ, ಮುಂದಿನದು. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಏನು ತಿಂದಿರಿ, ಏನಾಯಿತು ಅಂತ ಬರೆದಿಡಿ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗುವುದಿಲ್ಲ. ನೆರೆಮನೆಯವರ ಪಟ್ಟಿಗಿಂತ ನಿಮ್ಮ ಹಾಳೆಯೇ ನಿಮಗೆ ಸರಿ.

ಕಾಯಿ ಇಲ್ಲದ ಪಲ್ಯ ಬಾಯಿಗೆ ಹತ್ತದಿದ್ದರೆ ಕಾಯಿಹಾಲು ಹಿಂಡಿ ಸೋಸಿ ಹಾಕಿ. ಕುಂಬಳ, ಸೋರೆ, ಸೀಮೆಬದನೆ, ಹೀರೆ ಇವುಗಳ ಸಿಪ್ಪೆ ಮತ್ತು ಬೀಜ ತೆಗೆದು ಬೇಯಿಸಿದರೆ ಬೆಣ್ಣೆಯ ಹಾಗೆ ಇಳಿಯುತ್ತವೆ. ಇಡ್ಲಿ, ಶ್ಯಾವಿಗೆ, ನೆನೆಸಿದ ತೆಳು ಅವಲಕ್ಕಿ, ಮೊಸರನ್ನ, ತೊವ್ವೆ, ಆಲೂಗೆಡ್ಡೆ, ಬಾಳೆಹಣ್ಣು, ಪಪ್ಪಾಯ ಎಲ್ಲವೂ ನಿಮ್ಮ ಕಡೆಯವೇ. ಅನ್ನ, ಬಾಳೆಹಣ್ಣು, ಆಲೂಗೆಡ್ಡೆ ತೀರ ನೀರಾಗಿ ಬರುವುದನ್ನು ಸ್ವಲ್ಪ ಗಟ್ಟಿ ಮಾಡುತ್ತವೆ. ಬೀಟ್‌ರೂಟ್ ತಿಂದ ಮರುದಿನ ಚೀಲ ಕೆಂಪಾದರೆ ರಕ್ತ ಅಂತ ಹೆದರಿ ಅಳುತ್ತ ಕೂರಬೇಡಿ, ಮೊದಲು ಹಿಂದಿನ ದಿನದ ಪಲ್ಯ ನೆನಪಿಸಿಕೊಳ್ಳಿ!

ಮುದ್ದೆಯ ಬಗ್ಗೆ ಒಂದು ಮಾತು. ಹಳೇ ಮೈಸೂರಿನ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದೇ ಪದ್ಧತಿ. ಮುದ್ದೆ ಮೆತ್ತಗೇ ಇದೆ, ತಕರಾರು ಅದರದಲ್ಲ. ಆದರೆ ಅದರ ಜೊತೆಗೆ ಸೊಪ್ಪಿನ ಸಾರಿನ ದಂಟು, ಬಸ್ಸಾರಿನ ಕಾಳು, ಹುರುಳಿ ಎಲ್ಲವೂ ಅಗಿಯದೆ ಒಳಗೆ ಹೋಗುತ್ತವೆ. ಹಿಟ್ಟನ್ನು ಸಣ್ಣ ಜರಡಿಯಲ್ಲಿ ಜರಡಿ ಹಿಡಿದು, ಸಾರನ್ನು ರುಬ್ಬಿ ಸೋಸಿ, ಸಣ್ಣ ತುತ್ತು ಮಾಡಿ ಅಗಿದೇ ತಿನ್ನಿ. ನಗುವವರು ನಗಲಿ.

ಇನ್ನೊಂದು, ನಾವು ಹೆಂಗಸರು ಊಟ ಮಾಡುವ ರೀತಿ. ಎಲ್ಲರಿಗೂ ಬಡಿಸಿ, ಎಲ್ಲರದೂ ಮುಗಿದ ಮೇಲೆ, ಮೂರು ಗಂಟೆಗೆ, ಒಂದು ಕಣ್ಣು ಒಲೆಯ ಮೇಲೆ ಇಟ್ಟುಕೊಂಡು ಗಬಗಬನೆ ನಾಲ್ಕು ತುತ್ತು. ಉಳಿದ ಪಲ್ಯ ಕೆಡುತ್ತದಲ್ಲಾ ಅಂತ ಅದನ್ನೂ ಬಾಯಿಗೆ ಹಾಕಿಕೊಳ್ಳುವುದು. ಸ್ಟೋಮಾ ಇರುವ ಹೆಂಗಸಿಗೆ ಇದಕ್ಕಿಂತ ಕೆಟ್ಟ ಪದ್ಧತಿ ಇನ್ನೊಂದಿಲ್ಲ. ದಿನಕ್ಕೆ ಐದಾರು ಸಲ ಸ್ವಲ್ಪಸ್ವಲ್ಪ, ಹೊತ್ತಿಗೆ ಸರಿಯಾಗಿ, ಕೂತುಕೊಂಡು, ಅನ್ನವಾದರೂ ಪಾಯಸವಾಗುವ ತನಕ ಅಗಿದು ತಿನ್ನಬೇಕು. ಮನೆಯವರಿಗೆ ಮೊದಲು ಬಡಿಸದಿದ್ದರೆ ಏನಂದಾರು ಅನ್ನುವಿರಾ? ಒಂದು ವಾರ ಅಂದಾರು. ಅತ್ತೆಯಂದಿರೇ, ನೀವೂ ಇದನ್ನು ಓದುತ್ತಿದ್ದರೆ ಸೊಸೆಗೆ ತಟ್ಟೆ ಹಾಕಿ ಕೂರಿಸಿ.

ಚೀಲ ತುಂಬಬಾರದು ಅಂತ ಊಟವನ್ನೇ ಬಿಡುವವರಿದ್ದಾರೆ. ಮದುವೆಗೆ ಹೋಗುವ ದಿನ ಬೆಳಗಿನಿಂದ ಉಪವಾಸ, ಬಸ್ಸಿನಲ್ಲಿ ಹೋಗಬೇಕೆಂದು ನೀರೂ ಇಲ್ಲ. ಖಾಲಿ ಹೊಟ್ಟೆಯಲ್ಲಿ ಗಾಳಿ ಹೆಚ್ಚಾಗಿ ಚೀಲ ಬಲೂನಿನ ಹಾಗೆ ಉಬ್ಬುತ್ತದೆ, ಬರುವುದೂ ಬರೀ ನೀರಾಗುತ್ತದೆ. ಏಕಾದಶಿಯಿರಲಿ, ರೋಜಾ ಇರಲಿ, ಡಾಕ್ಟರನ್ನು ಕೇಳದೆ ಹಿಡಿಯಬೇಡಿ.

ಈಗ ನೋವಿನ ವಿಷಯಕ್ಕೆ ಬರೋಣ. ಎಲ್ಲ ನೋವೂ ಒಂದೇ ಅಲ್ಲ. ಗಾಳಿಯ ನೋವು ಬಂದು ಹೋಗುತ್ತದೆ, ಚೀಲದಲ್ಲಿ ಗಾಳಿ ತುಂಬಿದ ಮೇಲೆ ಹಗುರಾಗುತ್ತದೆ, ಮಲವೂ ಎಂದಿನ ಹಾಗೆ ಬರುತ್ತಿರುತ್ತದೆ. ಕೋಸು, ಈರುಳ್ಳಿ, ಕಾಳು, ಸೋಡಾ ಕಡಿಮೆ ಮಾಡಿ, ತಿನ್ನುವಾಗ ಮಾತು ಕಡಿಮೆ ಮಾಡಿದರೆ ಇದು ತಗ್ಗುತ್ತದೆ. ದಾರಿ ಕಟ್ಟಿದ ನೋವು ಬೇರೆ. ಅಲೆಯ ಹಾಗೆ ಏರಿ, ಹಿಂಡಿ, ಇಳಿದು, ಮತ್ತೆ ಏರುತ್ತದೆ. ಹೊಟ್ಟೆ ಉಬ್ಬುತ್ತದೆ, ಸ್ಟೋಮಾ ಊದುತ್ತದೆ, ಓಕರಿಕೆ ಬರುತ್ತದೆ. ಮಲ ಕಡಿಮೆಯಾಗುತ್ತದೆ, ಇಲ್ಲವೇ ಪೂರ್ತಿ ನಿಲ್ಲುತ್ತದೆ. ಇಲ್ಲೊಂದು ಮೋಸವಿದೆ, ಗಮನಿಸಿ. ದಾರಿ ಅರ್ಧ ಕಟ್ಟಿದ್ದರೆ ಪಕ್ಕದ ಸಂದಿಯಿಂದ ಬರೀ ನೀರು, ತೀರ ಕೆಟ್ಟ ವಾಸನೆಯದು, ಚಿಮ್ಮಿ ಚಿಮ್ಮಿ ಬರುತ್ತದೆ. ಅದನ್ನು ಭೇದಿ ಎಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ನುಂಗುವವರುಂಟು. ನೋವು, ಉಬ್ಬರದ ಜೊತೆಗೆ ನೀರಾಗಿ ಬಂದರೆ ಅದು ಭೇದಿಯೇ ಎಂದು ನೀವಾಗಿ ತೀರ್ಮಾನಿಸಬೇಡಿ.

ಇಂಥ ಹೊತ್ತಿನಲ್ಲಿ ಮೊದಲ ಕೆಲಸ ಗಡಿಯಾರ ನೋಡುವುದು. ಕೊನೆಯ ಸಲ ಚೀಲಕ್ಕೆ ಬಂದದ್ದು ಎಷ್ಟು ಹೊತ್ತಿಗೆ? ಬರೆದಿಡಿ. ಗಟ್ಟಿ ಊಟ ತಕ್ಷಣ ನಿಲ್ಲಿಸಿ. ಸ್ವಲ್ಪವಾದರೂ ಬರುತ್ತಿದ್ದು ವಾಂತಿ ಇಲ್ಲದಿದ್ದರೆ ಬಿಸಿ ಗಂಜಿತಿಳಿ, ತೆಳು ಚಹಾ, ಓಆರ್‌ಎಸ್ ನೀರು ಗುಟುಕು ಗುಟುಕಾಗಿ ಕುಡಿಯಬಹುದು. ಏನೂ ಬರುತ್ತಿಲ್ಲ, ವಾಂತಿಯೂ ಇದೆ ಎಂದರೆ ನೀರೂ ಬೇಡ, ಹೊರಡಿ.

ಸ್ಟೋಮಾ ಊದಿಕೊಂಡಿದ್ದರೆ ಚೀಲದ ರಂಧ್ರ ಅದನ್ನು ಬಿಗಿಯುತ್ತಿರಬಹುದು. ಆ ಚೀಲ ತೆಗೆದು, ರಂಧ್ರವನ್ನು ಸ್ವಲ್ಪ ದೊಡ್ಡದಾಗಿ ಕತ್ತರಿಸಿದ ಬೇರೆ ಚೀಲ ಹಾಕಿ. ಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿದರೆ ಹೊಟ್ಟೆಯ ಬಿಗಿ ಸಡಿಲಾಗುತ್ತದೆ. ಆಮೇಲೆ ಮಲಗಿ ಮಂಡಿಗಳನ್ನು ಎದೆಯ ಕಡೆ ಮಡಚಿ, ಆ ಮಗ್ಗುಲಿಗೆ ಈ ಮಗ್ಗುಲಿಗೆ ನಿಧಾನವಾಗಿ ಹೊರಳಿ. ಸ್ಟೋಮಾದ ಸುತ್ತ ಅಂಗೈಯಿಂದ ಹಗುರವಾಗಿ ನೀವಿ, ಅದುಮಬೇಡಿ. ಎದ್ದು ಮನೆಯೊಳಗೆ ನಾಲ್ಕು ಸುತ್ತು ನಡೆಯಿರಿ. ಅನೇಕ ಸಲ ಇಷ್ಟರಲ್ಲೇ ದಾರಿ ಬಿಟ್ಟು, ಒಮ್ಮೆಲೇ ಸುರಿದುಬಿಡುತ್ತದೆ, ಹಳೆಯ ಬಟ್ಟೆ ಪಕ್ಕದಲ್ಲಿರಲಿ. ಬಿಸಿನೀರಿನ ಚೀಲವನ್ನು ಸ್ಟೋಮಾದ ಮೇಲೆ ಮಾತ್ರ ಇಡಬೇಡಿ. ಅದಕ್ಕೆ ನೋವು ಗೊತ್ತಾಗುವ ನರಗಳಿಲ್ಲ, ಸುಟ್ಟರೂ ತಿಳಿಯುವುದಿಲ್ಲ. ನೀವಾಗಿ ಅದರೊಳಗೆ ಬೆರಳು, ಕೊಳವೆ ಏನನ್ನೂ ಹಾಕಬಾರದು.

ನೋವಿದ್ದು ನಾಲ್ಕರಿಂದ ಆರು ಗಂಟೆ ಏನೂ ಬರದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ವಾಂತಿ ನಿಲ್ಲದಿದ್ದರೆ, ಜ್ವರ ಬಂದರೆ, ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾದರೆ, ಅಲೆಯಲೆಯಾಗಿದ್ದ ನೋವು ಬಿಡದೆ ಒಂದೇ ಸಮನೆ ನಿಂತರೆ ಅಷ್ಟು ಹೊತ್ತೂ ಬೇಡ. ಸ್ಟೋಮಾ ಯಾವಾಗಲೂ ನಮ್ಮ ಬಾಯಿಯ ಒಳಭಾಗದ ಹಾಗೆ ಕೆಂಪಗೆ ಒದ್ದೆಯಾಗಿರಬೇಕು. ನೇರಳೆಯೋ ಕಪ್ಪೋ ಆದರೆ ಅಲ್ಲಿಗೆ ರಕ್ತ ಹೋಗುತ್ತಿಲ್ಲವೆಂದು ಅರ್ಥ, ಆ ಗಳಿಗೆಯೇ ಹೊರಡಬೇಕು. ಆಪರೇಷನ್ ಮಾಡುವ ಡಾಕ್ಟರಿರುವ ಆಸ್ಪತ್ರೆ ನಿಮ್ಮೂರಿಂದ ಎರಡು ಗಂಟೆ ದೂರವಿದ್ದರೆ ಆ ಎರಡು ಗಂಟೆಯನ್ನೂ ಲೆಕ್ಕಕ್ಕೆ ಹಿಡಿದು ಮೊದಲೇ ಹೊರಡಿ. ೧೦೮ಕ್ಕೆ ಫೋನ್ ಮಾಡಲು ಸಂಕೋಚ ಬೇಡ.

ಆಸ್ಪತ್ರೆ ಎಂದ ಕೂಡಲೇ ಮತ್ತೆ ಕತ್ತರಿ ಹಾಕುತ್ತಾರೆ ಅನ್ನುವ ಭಯದಿಂದ ಹಲ್ಲು ಕಚ್ಚಿ ಮಲಗುವವರೇ ಹೆಚ್ಚು. ಆಹಾರ ಸಿಕ್ಕಿಕೊಂಡದ್ದಾದರೆ ಬಹುಪಾಲು ಆಪರೇಷನ್ ಇಲ್ಲದೆಯೇ ಬಿಡುತ್ತದೆ. ಡ್ರಿಪ್ ಹಾಕುತ್ತಾರೆ, ಹೊಟ್ಟೆಯ ಒತ್ತಡ ಇಳಿಸಲು ಮೂಗಿನಿಂದ ಸಣ್ಣ ಕೊಳವೆ ಇಳಿಸುತ್ತಾರೆ, ಎಕ್ಸ್‌ರೇ ಅಥವಾ ಸ್ಕ್ಯಾನ್ ಮಾಡಿ ಎಲ್ಲಿ ಕಟ್ಟಿದೆ ನೋಡುತ್ತಾರೆ. ಎಲ್ಲ ಸಲವೂ ಊಟದ್ದೇ ತಪ್ಪಾಗಿರುವುದೂ ಇಲ್ಲ. ಆಪರೇಷನ್ನಿನ ಗಾಯ ಮಾಯುವಾಗ ಒಳಗೆ ಕರುಳು ಒಂದಕ್ಕೊಂದು ಅಂಟಿಕೊಂಡು, ವರ್ಷಗಳ ಮೇಲೂ ತಿರುಚಿಕೊಳ್ಳಬಹುದು. ಸ್ಟೋಮಾದ ಪಕ್ಕದಲ್ಲಿ ಹರ್ನಿಯಾ ಆಗಬಹುದು. ಆದ್ದರಿಂದ ನೋವಿನಲ್ಲಿರುವವರನ್ನು ನಿಲ್ಲಿಸಿಕೊಂಡು "ಏನು ತಿಂದೆ? ಬೇಡ ಅಂದರೂ ಕೇಳಲಿಲ್ಲವಲ್ಲ" ಎಂದು ವಿಚಾರಣೆ ನಡೆಸಬೇಡಿ. ಬೈಗುಳಕ್ಕೆ ಹೆದರಿ ಮುಂದಿನ ಸಲ ಅವರು ನೋವನ್ನೇ ಮುಚ್ಚಿಡುತ್ತಾರೆ.

ದಾರಿ ಬಿಟ್ಟ ಮೇಲೆ ಒಂದೆರಡು ದಿನ ಗಂಜಿಯೇ ಗತಿ. ರುಚಿಯಾಗಿ ಹೀಗೆ ಮಾಡಿ. ಅರ್ಧ ಲೋಟ ಅಕ್ಕಿ, ಎರಡು ಚಮಚ ಸಿಪ್ಪೆ ಇಲ್ಲದ ಹೆಸರುಬೇಳೆ, ಸಿಪ್ಪೆ ಬೀಜ ತೆಗೆದ ಸೋರೆಕಾಯಿಯ ನಾಲ್ಕು ಹೋಳು, ನಾಲ್ಕು ಲೋಟ ನೀರು. ಜಜ್ಜಿದ ಶುಂಠಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಅದರಲ್ಲೇ ಇಳಿಬಿಡಿ. ಕುಕ್ಕರಿನಲ್ಲಿ ಐದಾರು ಸೀಟಿ ಕೂಗಿಸಿ, ಶುಂಠಿಯ ಗಂಟು ತೆಗೆದು, ಸೌಟಿನಿಂದ ಚೆನ್ನಾಗಿ ಮಸೆಯಿರಿ. ಉಪ್ಪು, ಒಂದು ಚಿಟಿಕೆ ಹುರಿದ ಜೀರಿಗೆಯ ನುಣುಪು ಪುಡಿ, ಅರ್ಧ ಚಮಚ ತುಪ್ಪ. ಕಾಳುಮೆಣಸು, ಕರಿಬೇವಿನ ಒಗ್ಗರಣೆ ಬೇಡ. ಮನೆಮಂದಿಯೆಲ್ಲ ಅದೇ ಗಂಜಿ ಉಂಡರೆ ಅವರಿಗೂ ಒಂಟಿ ಎನ್ನಿಸುವುದಿಲ್ಲ.

ನೀರಿನ ಮಾತು ಹೇಳದಿದ್ದರೆ ಅರ್ಧ ಹೇಳಿದ ಹಾಗೆ. ಊಟದ ನೀರಿನ ಮತ್ತು ಉಪ್ಪಿನ ಒಂದು ಪಾಲನ್ನು ಹೀರುವುದು ದೊಡ್ಡ ಕರುಳು. ಇಲಿಯಾಸ್ಟಮಿಯಲ್ಲಿ ಅದು ದಾರಿಯಲ್ಲಿಲ್ಲ, ಹಾಗಾಗಿ ಎರಡೂ ಚೀಲಕ್ಕೇ ಹೋಗುತ್ತವೆ. ಹೊಂದಿಕೊಂಡ ಮೇಲೆ ದಿನಕ್ಕೆ ಸುಮಾರು ಅರ್ಧದಿಂದ ಮುಕ್ಕಾಲು ಲೀಟರು ಬರುವುದು ಸಹಜ. ಒಂದೂವರೆ ಲೀಟರು ದಾಟಿದರೆ, ಬಾಯಿ ಒಣಗಿ, ಮೂತ್ರ ಕಡಿಮೆಯಾಗಿ ಹಳದಿಯಾದರೆ, ಕಾಲು ಹಿಡಿದುಕೊಂಡರೆ ಬರೀ ನೀರನ್ನು ಚೊಂಬುಗಟ್ಟಲೆ ಕುಡಿಯಬೇಡಿ. ಅದು ಇನ್ನಷ್ಟು ಉಪ್ಪನ್ನು ಎಳೆದುಕೊಂಡು ಹೊರಗೆ ಹೋಗುತ್ತದೆ. ಓಆರ್‌ಎಸ್ ಪೊಟ್ಟಣ ಮನೆಯಲ್ಲಿರಲಿ, ಅದರ ಮೇಲೆ ಬರೆದ ಅಳತೆಯಂತೆ ಕಲಸಿ. ಪೊಟ್ಟಣ ಸಿಗದ ರಾತ್ರಿ, ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ಈ ಉಪ್ಪಿನ ವಿಷಯವನ್ನು ಡಾಕ್ಟರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ಮುಚ್ಚಿಡುವ ಸಂಕಟ ನಮ್ಮ ಊರಿನದಷ್ಟೇ ಅಲ್ಲ. ಡೆನ್ಮಾರ್ಕಿನಲ್ಲಿ ಎಲಿಸೆ ಸೋರೆನ್ಸೆನ್ ಎಂಬ ನರ್ಸ್ ಇದ್ದರು. ಅವರ ತಂಗಿ ಥೋರಾಗೆ ಸ್ಟೋಮಾ ಆಪರೇಷನ್ ಆಯಿತು. ಸೋರಿದರೆ ಏನು ಗತಿ ಎಂದು ಆಕೆ ಮನೆಯಿಂದ ಹೊರಗೆ ಕಾಲಿಡಲೇ ಹೆದರಿದಳು. ತಂಗಿಯ ಸಂಕಟ ನೋಡಲಾರದೆ ಈ ಅಕ್ಕ ೧೯೫೪ರಲ್ಲಿ ಚರ್ಮಕ್ಕೆ ಅಂಟಿಸಿ, ಬಳಸಿ ಎಸೆಯಬಹುದಾದ ಚೀಲದ ಯೋಚನೆ ಮಾಡಿದರು. ಇಂದು ನಮ್ಮ ಪೇಟೆಯ ಔಷಧಿ ಅಂಗಡಿಗೆ ತರಿಸಿಕೊಳ್ಳುವ ಚೀಲ ಅದರದೇ ವಂಶದ್ದು. ಇಷ್ಟಾಗಿಯೂ ಕೆಲವು ಮನೆಗಳಲ್ಲಿ ಚೀಲ ಇರುವವಳು ಒಲೆ ಮುಟ್ಟಬಾರದು, ದೇವರ ಮನೆಗೆ ಬರಬಾರದು ಅನ್ನುತ್ತಾರಂತೆ. ಎಲ್ಲರ ಹೊಟ್ಟೆಯೊಳಗೂ ಇರುವುದೇ ಅವಳ ಚೀಲದಲ್ಲಿದೆ. ಇದಕ್ಕಿಂತ ಹೆಚ್ಚು ಹೇಳಲು ನನಗೆ ತಾಳ್ಮೆಯಿಲ್ಲ.

ಈವತ್ತೇ ಒಂದು ಚೀಟಿ ಬರೆದು ಪರ್ಸಿನಲ್ಲಿಡಿ, ಇನ್ನೊಂದನ್ನು ಅಡುಗೆಮನೆಯ ಬೀರುವಿನ ಬಾಗಿಲಿಗೆ ಒಳಗಡೆ ಅಂಟಿಸಿ. ಯಾವ ಬಗೆಯ ಸ್ಟೋಮಾ, ಆಪರೇಷನ್ ಯಾವ ತಾರೀಖು, ಯಾಕಾಗಿ ಆಯಿತು, ಆಪರೇಷನ್ ಮಾಡಿದ ಡಾಕ್ಟರ ಫೋನ್ ನಂಬರು. ಕೆಳಗೆ ದಪ್ಪ ಅಕ್ಷರದಲ್ಲಿ: "ಭೇದಿ ಔಷಧಿ, ಎನಿಮಾ ಕೊಡಬೇಡಿ." ತಿನ್ನುವ ಮಾತ್ರೆಗಳ ಹೆಸರೂ ಇರಲಿ. ನಿಧಾನವಾಗಿ ಕರಗುವ ಮಾತ್ರೆಗಳು ಕೆಲವೊಮ್ಮೆ ಕರಗದೆ ಇಡಿಯಾಗಿ ಚೀಲಕ್ಕೆ ಬೀಳುತ್ತವೆ. ಹಾಗೆ ಕಂಡರೆ ಡಾಕ್ಟರಿಗೆ ಹೇಳಿ ಬೇರೆ ಬರೆಸಿಕೊಳ್ಳಿ. ಚೀಟಿ ಎಲ್ಲಿದೆ ಎಂದು ಯಜಮಾನರಿಗೆ, ದೊಡ್ಡ ಮಕ್ಕಳಿಗೆ ತೋರಿಸಿಡಿ, ನೋವಿನಲ್ಲಿರುವಾಗ ನಿಮಗೆ ಮಾತಾಡಲು ಆಗದೆ ಹೋಗಬಹುದು.